ಚಪ್ಪಲಿ ಚಿಪ್ಪಿನ ಹೆಸರು ಹಿಡಿಯುವ ಸೂತ್ರಗಳು

ಫ್ಲಾರಿಡಾದ ಕೊಲ್ಲಿ ಕರಾವಳಿಯ ಬೆಚ್ಚನೆಯ ನೀರಿನಲ್ಲಿ, ಅದರಲ್ಲೂ ಸ್ಯಾನಿಬೆಲ್ ದ್ವೀಪದಲ್ಲಿ, ಚಿಪ್ಪು ಆರಿಸಲು ಹೋದವರಿಗೆ ಚಪ್ಪಲಿ ಚಿಪ್ಪು ಸಿಗದೇ ಇರದು. ಯಾವ ಪ್ರಭೇದ ಎಂದು ಹೇಳುವಾಗ ಮಾತ್ರ ಹೆಚ್ಚಿನವರು ಎಡವುತ್ತಾರೆ. ಕಾರಣ ಇಷ್ಟೇ: ಅವರು ಬೆನ್ನು ನೋಡುತ್ತಾರೆ, ಒಳಗೆ ನೋಡುವುದಿಲ್ಲ.

1. ಕೈಗೆ ಬಂದ ಕೂಡಲೇ ಮಗುಚಿ. ಒಳಗಿನ ಹಿಂಬದಿಯನ್ನು, ಸುಮಾರು ಅರ್ಧದಷ್ಟು, ತೆಳುವಾದ ಬಿಳಿ ಹಲಗೆ ಮುಚ್ಚಿದ್ದರೆ ಅದು ಚಪ್ಪಲಿ ಚಿಪ್ಪು. ಹಲಗೆಯೇ ಇಲ್ಲವೇ? ಲಿಂಪೆಟ್ ಇರಬೇಕು.

2. ಹೊರ ಆಕಾರವನ್ನು ನಂಬಬೇಡಿ. ಚಪ್ಪಲಿ ಚಿಪ್ಪಿನೊಳಗಿರುವ ಬಸವನಹುಳು ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಪಾಚಿಯನ್ನು ಕಿವಿರಿನಿಂದಲೇ ಸೋಸಿ ತಿನ್ನುತ್ತದೆ. ಊಟಕ್ಕಾಗಿ ಅಲೆಯಬೇಕಿಲ್ಲ, ಬೆಳೆದ ಮೇಲೆ ಕೂತಲ್ಲಿಂದ ಕದಲುವುದೇ ಅಪರೂಪ. ಹಾಗಾಗಿ ಕೂತ ಜಾಗದ ರೂಪವನ್ನೇ ಚಿಪ್ಪು ಪಡೆಯುತ್ತದೆ. ಏಣುಗಳಿರುವ ಸ್ಕಾಲಪ್ ಮೇಲೆ ಬೆಳೆದದ್ದರ ಬೆನ್ನಿನಲ್ಲಿ ಅದೇ ಏಣುಗಳ ಅಚ್ಚು ಬಿದ್ದಿರುತ್ತದೆ. ಅದನ್ನು ಹೊಸ ಪ್ರಭೇದ ಎಂದುಕೊಳ್ಳಬೇಡಿ.

3. ಗಾತ್ರವನ್ನೂ ನಂಬಬೇಡಿ. ಕ್ರೆಪಿಡ್ಯುಲಾ ಫಾರ್ನಿಕೇಟಾ ಒಂದರ ಮೇಲೊಂದು ಪೇರಿಕೊಂಡು ಬದುಕುತ್ತದೆ. ಅಡಿಯಲ್ಲಿರುವುದು ದೊಡ್ಡ ಹೆಣ್ಣು, ತುದಿಯಲ್ಲಿರುವುದು ಚಿಕ್ಕ ಗಂಡು. ಆ ಗಂಡೇ ಮುಂದೆ ಬೆಳೆದು ಹೆಣ್ಣಾಗುತ್ತದೆ. ಎರಡೂ ಒಂದೇ ಜಾತಿ.

4. ಹಲಗೆಯ ಅಂಚಿಗೆ ಬೆಳಕು ಹಿಡಿಯಿರಿ. ನಿಜವಾದ ಪರೀಕ್ಷೆ ಇದು. ಇಲ್ಲಿ ಆತುರ ಬೇಡ. ಫಾರ್ನಿಕೇಟಾದಲ್ಲಿ ಅಂಚು ಅಂಕುಡೊಂಕಾಗಿ ಹರಿಯುತ್ತದೆ. ಬೆಚ್ಚನೆಯ ನೀರಿನ ಇನ್ನೊಂದು ಪ್ರಭೇದ ಕ್ರೆಪಿಡ್ಯುಲಾ ಮ್ಯಾಕ್ಯುಲೋಸಾದಲ್ಲಿ ಅಂಚು ಹೆಚ್ಚುಕಮ್ಮಿ ನೇರ. ಜೊತೆಗೆ ಅದರ ಒಳಮೈಯಲ್ಲಿ, ಬಲಬದಿಗೆ, ಹಲಗೆಯ ಮುಂದೆ ಸ್ನಾಯು ಅಂಟಿದ್ದ ಮೊಟ್ಟೆಯಾಕಾರದ ಕಲೆ ಇರುತ್ತದೆ. ಚಿಪ್ಪನ್ನು ನಿಧಾನವಾಗಿ ಓರೆ ಮಾಡಿದರೆ ಆ ಕಲೆಯ ಹೊಳಪು ಬೇರೆಯಾಗಿ ಕಾಣುತ್ತದೆ. ಬೆನ್ನ ಮೇಲಿನ ಕಂದು ಚುಕ್ಕೆಗಳನ್ನಷ್ಟೇ ನೋಡಿ ಮ್ಯಾಕ್ಯುಲೋಸಾ ಎನ್ನಬೇಡಿ. ಫಾರ್ನಿಕೇಟಾಕ್ಕೂ ಕಂದು ಗುರುತುಗಳಿರುತ್ತವೆ.

5. ಬೆನ್ನ ತುಂಬ ಮುಳ್ಳುಸಾಲು, ತುದಿ ಒಂದು ಬದಿಗೆ ಸುರುಳಿ ಸುತ್ತಿದೆಯೇ? ಅದು ಬೋಸ್ಟ್ರಿಕ್ಯಾಪ್ಯುಲಸ್ ಕುಲದ್ದು. ಬೆನ್ನೇ ಗುರುತು ಹೇಳುವುದು ಇದೊಂದರಲ್ಲೇ. ಆದರೂ ಪೂರ್ತಿ ಹೆಸರಿಗೆ ಊರು ಬೇಕು. ಲೋಕದ ಬೆಚ್ಚನೆಯ ಕಡಲುಗಳಲ್ಲೆಲ್ಲ ಇರುವುದು ಅಕ್ಯುಲಿಯೇಟಾ ಎಂಬ ಒಂದೇ ಪ್ರಭೇದ ಎಂದು ಬಹುಕಾಲ ನಂಬಲಾಗಿತ್ತು. ಪನಾಮಾದ ಸ್ಮಿತ್ಸೋನಿಯನ್ ಸಂಸ್ಥೆಯ ರೇಚಲ್ ಕಾಲಿನ್ ಭ್ರೂಣದ ಬೆಳವಣಿಗೆಯನ್ನೂ ಡಿಎನ್‌ಎಯನ್ನೂ ಹೋಲಿಸಿ, ಇವು ಹಲವು ಪ್ರಭೇದಗಳೆಂದು 2005ರಲ್ಲಿ ತೋರಿಸಿದರು. ಎಲ್ಲಿ ಸಿಕ್ಕಿತೆಂದು ಬರೆಯದ ಮುಳ್ಳುಚಿಪ್ಪಿಗೆ ಪೂರ್ತಿ ಹೆಸರಿಡುವುದು ತಪ್ಪು.

6. ಶಂಖದ ಬಾಯೊಳಗೆ ಇಣುಕಿ. ಸನ್ಯಾಸಿ ಏಡಿ ವಾಸವಿರುವ ಶಂಖದೊಳಗೆ ಚಪ್ಪಟೆಯಾದ ಬಿಳಿ ಚಪ್ಪಲಿ ಚಿಪ್ಪು ಅಂಟಿರುವುದುಂಟು. ಫ್ಲಾರಿಡಾದಲ್ಲಿ ಅದು ಕ್ರೆಪಿಡ್ಯುಲಾ ಡಿಪ್ರೆಸಾ ಇರಬಹುದು, ಅಟ್ರಾಸೋಲಿಯಾ ಇರಬಹುದು. ಖಾಲಿ ಚಿಪ್ಪಿನಿಂದ ಇವೆರಡನ್ನು ಬೇರ್ಪಡಿಸುವುದು ಬಹಳ ಕಷ್ಟ. ಜೀವ ಇದ್ದಾಗ ಪಾದವೇ ಗುರುತು: ಅಟ್ರಾಸೋಲಿಯಾದ ಪಾದದಲ್ಲಿ ಕಪ್ಪು ಬಣ್ಣವಿರುತ್ತದೆ. ನಮ್ಮ ಭಾರತದ ಕಡಲಲ್ಲಿ ಇದೇ ಬಗೆಯ ಬದುಕು ನಡೆಸುವುದು ಇವುಗಳ ಬಂಧು ಎರ್ಗೇಯಾ ವಾಲ್ಶಿ.

7. ಜೀವವಿದ್ದರೆ ಕೀಳಬೇಡಿ. ಸ್ಯಾನಿಬೆಲ್‌ನಲ್ಲಿ ಜೀವವಿರುವ ಚಿಪ್ಪನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಒಮ್ಮೆ ಎಬ್ಬಿಸಿದ ದೊಡ್ಡ ಹೆಣ್ಣು ಮತ್ತೆ ಭದ್ರವಾಗಿ ಅಂಟಿಕೊಳ್ಳುವುದೂ ಕಷ್ಟ. ಬೆನ್ನು, ಪಕ್ಕ, ಅಂಟಿಕೊಂಡ ಆಸರೆ ಮೂರರ ಫೋಟೊ ತೆಗೆಯಿರಿ; ಹಲಗೆ ನೋಡಲು ಅಲ್ಲೇ ದಡದಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳು ಸಾಕು.