ತೋಟಗಾರನ ವಿದ್ಯೆ

ಬೇವನ್ನು ಬಿತ್ತಿ ಮಾವನ್ನು ಬಯಸಬಾರದೆಂಬ ಗಾದೆಯನ್ನು ಕೇಳದವರಿಲ್ಲ. ತೋಟಗಾರಿಕೆಯನ್ನು ಬಲ್ಲವರು ಈ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತಾರೆ. ಬಾದಾಮಿ ಮಾವಿನ ಓಟೆಯನ್ನೇ ಬಿತ್ತಿದರೂ ಬಾದಾಮಿಯೇ ಫಲಿಸುವುದೆಂಬ ಭರವಸೆಯಿಲ್ಲ ಎನ್ನುತ್ತಾರೆ. ಹೂವಿನಲ್ಲಿ ಪರಾಗಸ್ಪರ್ಶವಾದಾಗ ಬೇರೊಂದು ಮರದ ಗುಣವೂ ಬೀಜದೊಳಗೆ ಸೇರುತ್ತದೆ. ಆದುದರಿಂದ ಬೀಜದಿಂದ ಹುಟ್ಟಿದ ಗಿಡವು ತಾಯಿಮರವನ್ನೇ ಹೋಲಬೇಕೆಂಬ ನಿಯಮವಿಲ್ಲ. ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಅದರ ರೆಂಬೆಯ ತುದಿಯೊಂದನ್ನು ತಂದು, ಬೇರೆ ಸಸಿಯ ಕಾಂಡದೊಡನೆ ಕೂಡಿಸಬೇಕು. ಇದಕ್ಕೆ ಕಸಿ ಎಂದು ಹೆಸರು. ಬೇರು ಒಂದರದು, ಫಲ ಇನ್ನೊಂದರದು. ಎರಡನ್ನೂ ಒಂದೇ ಗಿಡವಾಗಿ ಬದುಕಿಸುವುದು ಮನುಷ್ಯನ ಕೈಚಳಕ.

ಈ ಕೈಚಳಕವನ್ನು ನಂಬಿ ಎಷ್ಟು ಸಂಸಾರಗಳು ಬಾಳುತ್ತವೆ ಎಂಬುದನ್ನು ಯೋಚಿಸಬೇಕು. ರೈತನೊಬ್ಬ ಹತ್ತು ಮೀಟರಿನ ಅಂತರದಲ್ಲಿ ಮಾವನ್ನು ನೆಡುವುದಾದರೆ ಒಂದು ಎಕರೆಗೆ ಸುಮಾರು 40 ಗಿಡಗಳು ಬೇಕಾಗುತ್ತವೆ. ಅವನು ಒಂದೊಂದು ಗಿಡಕ್ಕೂ ಆಳವಾದ ಗುಣಿ ತೋಡುತ್ತಾನೆ, ಗೊಬ್ಬರ ತುಂಬುತ್ತಾನೆ, ಬೇಸಗೆಯಲ್ಲಿ ನೀರು ಹೊತ್ತು ಹಾಕುತ್ತಾನೆ, ಆಡು ದನಗಳು ಮೇಯದಂತೆ ಬೇಲಿ ಕಟ್ಟುತ್ತಾನೆ. ಹೀಗೆ ನಾಲ್ಕೈದು ವರ್ಷ ಕಾದ ಮೇಲೆ ಮೊದಲ ಫಸಲು ಕಾಣುತ್ತದೆ. ಆ ದಿನ ಮರದಲ್ಲಿ ಬಾದಾಮಿಯ ಬದಲು ನಾರು ತುಂಬಿದ ಹುಳಿಗಾಯಿ ಕಂಡರೆ ಅವನು ಏನು ಮಾಡಬೇಕು? ಅಂಗಡಿಯಲ್ಲಿ ಕೊಂಡ ಬಟ್ಟೆಯ ಬಣ್ಣ ಒಂದೇ ಒಗೆತಕ್ಕೆ ತಿಳಿಯುತ್ತದೆ, ಮರುದಿನವೇ ಹಿಂದಿರುಗಿಸಬಹುದು. ಗಿಡದ ಮೋಸ ತಿಳಿಯುವುದು ವರ್ಷಗಳು ಕಳೆದ ಮೇಲೆ. ಕೊಟ್ಟ ಹಣ ಒಂದು ವೇಳೆ ಮರಳಿ ಬಂದರೂ ಕಳೆದ ವರ್ಷಗಳು ಮರಳುವುದಿಲ್ಲ.

ಇಂತಹ ಅನ್ಯಾಯ ದುರುದ್ದೇಶದಿಂದಲೇ ಆಗಬೇಕೆಂದಿಲ್ಲ, ಅಜ್ಞಾನದಿಂದಲೂ ಆಗುತ್ತದೆ. ಕಟ್ಟಿದ ಕಸಿ ಒಣಗಿಹೋಗಿ, ಕೆಳಗಿನ ಬೇರುಸಸಿಯೇ ಚಿಗುರೊಡೆದು ಬೆಳೆಯುವುದುಂಟು. ನೋಡುವವರ ಕಣ್ಣಿಗೆ ಅದೂ ಹಸಿರಾದ, ಪುಷ್ಟವಾದ ಗಿಡವೇ. ಚಿಗುರು ಕಸಿಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದ ಬಂದಿದೆಯೋ ಎಂಬುದನ್ನು ಅರಿತವನು ಮಾತ್ರ ಅದನ್ನು ಬೇರ್ಪಡಿಸಿ ತೆಗೆಯಬಲ್ಲ. ಆದುದರಿಂದ ತೋಟಗಾರಿಕೆಯನ್ನು ವೃತ್ತಿಯಾಗಿ ಕೈಕೊಳ್ಳುವವನಿಗೆ ಮೂರು ಬಗೆಯ ಶಿಕ್ಷಣ ಅಗತ್ಯ. ಕೈ ಪಳಗಬೇಕು, ಕಣ್ಣು ಪಳಗಬೇಕು, ಆಡಿದ ಮಾತು ನಿಲ್ಲಬೇಕು.

ಹಿಂದಿನ ಕಾಲದಲ್ಲಿ ಈ ವಿದ್ಯೆ ಮನೆತನದ ಸೊತ್ತಾಗಿತ್ತು. ಮಲೆನಾಡಿನ ಅಡಿಕೆ ತೋಟಗಳಲ್ಲಿ, ಬಯಲುಸೀಮೆಯ ವೀಳ್ಯದೆಲೆಯ ತೋಟಗಳಲ್ಲಿ, ಕರಾವಳಿಯ ಮಲ್ಲಿಗೆಯ ಹಿತ್ತಿಲುಗಳಲ್ಲಿ ಮಕ್ಕಳು ಹಿರಿಯರ ಹಿಂದೆ ನಡೆದು, ನೋಡಿ, ಮಾಡಿ ಕಲಿಯುತ್ತಿದ್ದರು. ಆ ಕಲಿಕೆಯಲ್ಲಿ ಅನುಭವದ ಗಟ್ಟಿತನವಿತ್ತು. ಆದರೆ ಅದಕ್ಕೆ ಎರಡು ಮಿತಿಗಳಿದ್ದವು. ತೋಟವುಳ್ಳ ಮನೆಯಲ್ಲಿ ಹುಟ್ಟದವನಿಗೆ ಅದು ದೊರೆಯುತ್ತಿರಲಿಲ್ಲ. ಹೊಸದೊಂದು ರೋಗವೋ ಹೊಸದೊಂದು ಬೆಳೆಯೋ ಬಂದಾಗ ಹಳೆಯ ಅನುಭವದಲ್ಲಿ ಅದಕ್ಕೆ ಉತ್ತರವಿರುತ್ತಿರಲಿಲ್ಲ.

ಈ ಮಿತಿಗಳನ್ನು ದಾಟಲು ನೆರವಾದುದು ದೊಡ್ಡ ಉದ್ಯಾನಗಳು. ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರಾಲಿಯಿಂದ ಆರಂಭವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಬೆಳೆದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದು ವಿಹಾರದ ತಾಣ ಮಾತ್ರವಲ್ಲ. ಹೊರನಾಡುಗಳ ಗಿಡಗಳನ್ನು ತರಿಸಿ, ಇಲ್ಲಿನ ಮಣ್ಣಿಗೆ ಒಗ್ಗಿಸಿ, ಜನರಿಗೆ ಹಂಚಿದ ಕೇಂದ್ರವೂ ಹೌದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರ ಜೀವನ ಇಲ್ಲಿ ಸ್ಮರಣೀಯವಾದುದು. ಡ್ರೆಸ್ಡೆನ್ ನಗರದ ಸಮೀಪದಲ್ಲಿ 1865ರಲ್ಲಿ ಹುಟ್ಟಿದ ಅವರು ತಮ್ಮ ನಾಡಿನ ಉದ್ಯಾನಗಳಲ್ಲಿ ಕೆಲಸ ಕಲಿತರು. ಬಳಿಕ ಇಂಗ್ಲೆಂಡಿನ ಪ್ರಸಿದ್ಧವಾದ ಕ್ಯೂ ಉದ್ಯಾನದಲ್ಲಿ ದುಡಿದರು. 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. ಹೂಪಾತಿಗಳಲ್ಲಿ ಕೈಯಾಡಿಸಿ ಪಳಗಿದ ಅವರೇ ಮುಂದೆ ಬೆಂಗಳೂರಿನ ಬೀದಿಗಳ ಇಕ್ಕೆಲಗಳಲ್ಲಿ, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು.

ಅದೇ ಲಾಲ್‌ಬಾಗಿನಲ್ಲಿ ಸೇವೆ ಸಲ್ಲಿಸಿದ ಡಾ. ಎಂ. ಎಚ್. ಮರೀಗೌಡರು (1916–1992) ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಅವರು ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನೂ ಗಳಿಸಿದರು. 1963ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಏರ್ಪಟ್ಟಾಗ ಅದರ ನಿರ್ದೇಶಕರಾಗಿ, ಜಿಲ್ಲೆಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನೂ ಜನರು ನರ್ಸರಿಗಳೆಂದು ಕರೆಯುವ ಸಸ್ಯಾಗಾರಗಳನ್ನೂ ಬೆಳೆಸಿದರು. ಒಳ್ಳೆಯ ಸಸಿ ಮತ್ತು ಸರಿಯಾದ ತಿಳಿವಳಿಕೆ ಇವೆರಡೂ ರೈತನ ಊರಿನ ಹತ್ತಿರವೇ ದೊರೆಯುವಂತಾಗಲು ಇದು ದಾರಿಯಾಯಿತು.

ಇಂದು ಕರ್ನಾಟಕದ ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗಾಗಿ ಹತ್ತು ತಿಂಗಳ ತರಬೇತಿಯನ್ನು ನಡೆಸುತ್ತಿದೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಯುವಕ ಯುವತಿಯರು ಇದಕ್ಕೆ ಸೇರಬಹುದು. ಕಲಿಯುವ ಅವಧಿಯಲ್ಲಿ ಶಿಷ್ಯವೇತನವೂ ಉಂಟು. ಇಂತಹ ತರಬೇತಿಯಲ್ಲಿ ಪುಸ್ತಕದ ಪಾಠದಷ್ಟೇ ಪ್ರಾಧಾನ್ಯ ಗುದ್ದಲಿಗೂ ಇರುತ್ತದೆ. ಕಲಿಯುವವನ ಮೊದಲ ಗುರು ಮಣ್ಣು. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಹದವಾಗಿ ಬೆರೆಸುವುದನ್ನು ಅವನು ಅರಿಯಬೇಕು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡಿ ಅದರ ತೇವವನ್ನು ತಿಳಿಯಬೇಕು. ನೀರು ಕಡಿಮೆಯಾದರೆ ಸಸಿ ಬಾಡುವುದು ಎಲ್ಲರಿಗೂ ಗೊತ್ತು; ಹೆಚ್ಚಾದರೆ ಸಸಿಮಡಿಯಲ್ಲಿ ಎಳೆಯ ಸಸಿಗಳು ಬುಡ ಕೊಳೆತು ಸಾಯುತ್ತವೆ ಎಂಬುದನ್ನು ಕಲಿತವನಷ್ಟೇ ಬಲ್ಲ. ಹೊಸಬನು ಪ್ರೀತಿಯಿಂದಲೇ ನೀರು ಹೆಚ್ಚು ಹಾಕುತ್ತಾನೆ. ಪ್ರೀತಿಗೂ ಹದ ಬೇಕೆಂಬುದು ಅವನ ಮೊದಲ ಪಾಠ.

ಅನಂತರ ಬರುವುದು ಕಸಿ ಕಟ್ಟುವ ಅಭ್ಯಾಸ. ತಾಯಿಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲಿನಷ್ಟು ದಪ್ಪವಾದ ತುದಿಯನ್ನು ಆರಿಸಬೇಕು. ಕೊಯ್ಯುವುದಕ್ಕೆ ಒಂದು ವಾರ ಅಥವಾ ಹತ್ತು ದಿನ ಮುಂಚೆಯೇ ತೊಟ್ಟುಗಳನ್ನು ಉಳಿಸಿ ಅದರ ಎಲೆಗಳನ್ನು ಕತ್ತರಿಸಿದರೆ ತುದಿಮೊಗ್ಗು ಉಬ್ಬಿ ಚಿಗುರಲು ಸಿದ್ಧವಾಗುತ್ತದೆ. ಇದೇ ಕಸಿಕಡ್ಡಿ. ಅದರ ಬುಡವನ್ನು ಹರಿತವಾದ ಚಾಕುವಿನಿಂದ ಬೆಣೆಯಂತೆ ಕೆತ್ತಬೇಕು. ಬೇರುಸಸಿಯ ತಲೆಯನ್ನು ಕತ್ತರಿಸಿ, ಮೂರು ನಾಲ್ಕು ಸೆಂಟಿಮೀಟರಿನಷ್ಟು ಸೀಳಿ, ಆ ಬೆಣೆಯನ್ನು ಒಳಗೆ ಕೂರಿಸಬೇಕು. ತೊಗಟೆಯ ಕೆಳಗಿರುವ, ಬೆಳೆಯುವ ಶಕ್ತಿಯುಳ್ಳ ತೆಳುವಾದ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಕೂಡಿಕೊಳ್ಳುತ್ತದೆ. ಕಸಿಕಡ್ಡಿ ಸಣ್ಣದಾಗಿದ್ದರೆ ಒಂದು ಮಗ್ಗುಲಿನಲ್ಲಾದರೂ ಅವು ಸೇರುವಂತೆ ನೋಡಿಕೊಳ್ಳಬೇಕು. ಕೊಯ್ದ ಭಾಗ ಒಣಗುವುದಕ್ಕೆ ಮೊದಲೇ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಎರಡು ಮೂರು ವಾರಗಳಲ್ಲಿ ತುದಿಯಲ್ಲಿ ಚಿಗುರು ಕಂಡರೆ ಕಸಿ ಹತ್ತಿತೆಂದು ಅರ್ಥ.

ಇದನ್ನು ಓದಲು ಕೆಲವು ನಿಮಿಷ ಸಾಕು. ಕೈಗೆ ಹತ್ತಲು ತಿಂಗಳುಗಳು ಬೇಕು. ಆರಂಭದಲ್ಲಿ ಕಟ್ಟಿದ ಕಸಿಗಳಲ್ಲಿ ಅನೇಕವು ಒಣಗುವುದು ಸಹಜ. ಒಣಗಿದ ಕಸಿಯನ್ನು ಎಸೆಯದೆ ಬಿಚ್ಚಿ ನೋಡಿ, ಕೊಯ್ತ ಓರೆಯಾಯಿತೇ, ಕಟ್ಟು ಸಡಿಲವಾಯಿತೇ, ತಡವಾಯಿತೇ ಎಂದು ವಿಚಾರಿಸುವವನೇ ಬೇಗ ಕಲಿಯುತ್ತಾನೆ.

ಕೈಯಂತೆಯೇ ಕಣ್ಣಿಗೂ ಶಿಕ್ಷಣ ಬೇಕು. ಸಸಿಯ ಸಂಗಡ ರೋಗವೂ ಪ್ರಯಾಣ ಮಾಡುತ್ತದೆ. ಸುವಾಸನೆಗೂ ರುಚಿಗೂ ಹೆಸರಾದ ನಂಜನಗೂಡಿನ ರಸಬಾಳೆಯು ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ಅಳಿವಿನಂಚಿಗೆ ಬಂದಿತು. ಆ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ರೋಗ ಹಿಡಿದ ಬುಡದಿಂದ ಕಿತ್ತು ತಂದ ಕಂದಿನ ಮೂಲಕ ಹೊಸ ತೋಟಕ್ಕೂ ದಾಟುತ್ತದೆ. ಕಿತ್ತಳೆಯ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವು ಸಣ್ಣ ಕೀಟವೊಂದರಿಂದ ಹರಡುವುದಲ್ಲದೆ, ರೋಗವುಳ್ಳ ಮರದಿಂದ ತಂದ ಕಸಿಕಡ್ಡಿಯಿಂದಲೂ ಹರಡುತ್ತದೆ. ಆದುದರಿಂದ ತಾಯಿಮರವನ್ನು ಆರಿಸುವಾಗ ಒಂದು ವರ್ಷದ ಫಸಲನ್ನು ಕಂಡು ಮರುಳಾಗಬಾರದು. ಅದು ಹಲವು ವರ್ಷ ಒಂದೇ ಸಮನೆ ಫಲ ಕೊಟ್ಟಿದೆಯೇ, ಎಲೆ ಕಾಂಡಗಳು ಆರೋಗ್ಯವಾಗಿವೆಯೇ ಎಂದು ಪರೀಕ್ಷಿಸಬೇಕು. ಅಸಡ್ಡೆಯ ಒಂದು ದಿನದ ಕೆಲಸ ಒಂದು ಸೀಮೆಯ ತೋಟಗಳನ್ನೇ ಕೆಡಿಸಬಲ್ಲದು.

ಮೂರನೆಯದು ಮಾತಿನ ಶಿಕ್ಷಣ. ಸಸ್ಯಾಗಾರದಲ್ಲಿ ಗಿಡಕ್ಕೆ ಕಟ್ಟುವ ಚೀಟಿಯೇ ಆ ಮಾತು. ತಳಿಯ ಹೆಸರು, ತಾಯಿಮರದ ಗುರುತು, ಕಸಿ ಕಟ್ಟಿದ ದಿನಾಂಕ ಇವನ್ನು ಚೀಟಿಯಲ್ಲಿಯೂ ದಾಖಲೆಯ ಪುಸ್ತಕದಲ್ಲಿಯೂ ತಪ್ಪಿಲ್ಲದೆ ಬರೆಯಬೇಕು. ಚೀಟಿ ಕಳೆದುಹೋದ ಗಿಡಕ್ಕೆ ಊಹೆಯಿಂದ ಹೆಸರಿಡಬಾರದು. ಸತ್ತ ಕಸಿಗಳ ಲೆಕ್ಕವನ್ನು ಬದುಕಿದವುಗಳ ಲೆಕ್ಕದಷ್ಟೇ ನಿಷ್ಠೆಯಿಂದ ಇಡಬೇಕು. ಆಗಲೇ ಖರ್ಚೆಷ್ಟು, ಉಳಿತಾಯವೆಷ್ಟು ಎಂಬುದು ತಿಳಿದು ವೃತ್ತಿ ನೆಲೆ ನಿಲ್ಲುತ್ತದೆ. ಸಸ್ಯಾಗಾರಗಳನ್ನು ಪರಿಶೀಲಿಸಿ ಮಾನ್ಯತೆ ನೀಡುವ ವ್ಯವಸ್ಥೆಯನ್ನು ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಮಾಡಿದೆ. ಆದರೆ ಪರಿಶೀಲಕರು ಬಾರದ ದಿನವೂ ಚೀಟಿ ಸತ್ಯವನ್ನೇ ಹೇಳಬೇಕು. ಆ ಹೊಣೆ ಕಟ್ಟುವವನದು.

ಈ ವಿದ್ಯೆಯ ದಾರಿಗಳು ಹಲವು. ಹತ್ತು ತಿಂಗಳ ತರಬೇತಿ ಮುಗಿಸಿದವರು ಸ್ವಂತ ತೋಟದಲ್ಲಿ ದುಡಿಯಬಹುದು; ಸಣ್ಣದೊಂದು ಸಸ್ಯಾಗಾರ ತೆರೆಯಬಹುದು; ಉದ್ಯಾನಗಳಲ್ಲಿ ಕೆಲಸಕ್ಕೆ ಸೇರಬಹುದು. ಹೆಚ್ಚು ಓದಬಯಸುವವರಿಗೆ ಡಿಪ್ಲೊಮಾ ವ್ಯಾಸಂಗವುಂಟು. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಕಲಿತವರಿಗೆ ನಾಲ್ಕು ವರ್ಷಗಳ ಪದವಿ ಶಿಕ್ಷಣವಿದೆ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾನಿಲಯವೊಂದು ಸ್ಥಾಪನೆಯಾಯಿತು. 1967ರಲ್ಲಿ ಸ್ಥಾಪನೆಯಾಗಿ, ಈಗ ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಕೆಲಸಮಾಡುತ್ತಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಣ್ಣು, ತರಕಾರಿ, ಹೂಗಳ ಹೊಸ ತಳಿಗಳನ್ನು ರೂಪಿಸುತ್ತಿದೆ. ಯಾವ ದಾರಿ ಹಿಡಿದರೂ ಗುದ್ದಲಿ ಮತ್ತು ಚಾಕುಗಳ ಪರಿಚಯವಿಲ್ಲದೆ ಮುಂದೆ ಸಾಗಲಾಗದು.

ಓದಿದವನಿಗೆ ಮಣ್ಣಿನ ಕೆಲಸವೇಕೆ ಎಂಬ ಮಾತು ಕೆಲವು ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರಾದರೂ, ತಮ್ಮ ಮಕ್ಕಳ ಕೈ ಕೆಸರಾಗುವುದು ಅನೇಕರಿಗೆ ಹಿಡಿಸದು. ಆದರೆ ಮಣ್ಣಿನ ಕೆಲಸಕ್ಕೆ ಓದು ಬೇಡವೆಂಬುದು ತಿಳಿಯದವರ ಮಾತು. ತೇವವನ್ನು ಅಳೆಯುವುದು, ರೋಗವನ್ನು ಗುರುತಿಸುವುದು, ತಳಿಯನ್ನು ಶುದ್ಧವಾಗಿ ಉಳಿಸುವುದು, ಲೆಕ್ಕ ಇಡುವುದು ಇವೆಲ್ಲವೂ ಓದಿನ ಫಲಗಳೇ. ಒಂದು ಮಾವಿನ ಮರ ಹಲವು ದಶಕಗಳ ಕಾಲ ಫಲ ಕೊಡುತ್ತದೆ. ಅದನ್ನು ಕಸಿ ಕಟ್ಟಿದವನು ಯಾರೆಂದು ಹಣ್ಣು ತಿನ್ನುವವರಿಗೆ ತಿಳಿದಿರುವುದಿಲ್ಲ. ಆದರೆ ಐದನೆಯ ವರ್ಷ ತನ್ನ ತೋಟದಲ್ಲಿ ಮೊದಲ ಹಣ್ಣನ್ನು ಕೊಯ್ದು, ಚೀಟಿಯಲ್ಲಿ ಬರೆದ ಹೆಸರೂ ನಾಲಗೆಯ ರುಚಿಯೂ ಒಂದೇ ಎಂದು ಕಂಡ ರೈತನು, ಮುಂದಿನ ಸಲ ಸಸಿ ಬೇಕಾದಾಗ ಅದೇ ಸಸ್ಯಾಗಾರದ ಬಾಗಿಲಿಗೆ ಬರುತ್ತಾನೆ.