ವಿದೇಶಕ್ಕೆ ಹೊರಟ ವಾಚಿಗೆ ಕಾಗದ ಇದೆಯೇ?

ಮದುವೆಯಲ್ಲಿ ಮಾವ ಕೊಟ್ಟ ಓಮೆಗಾ ವಾಚು ಕಟ್ಟಿಕೊಂಡು ಮಗಳನ್ನು ನೋಡಲು ಸಿಂಗಪುರಕ್ಕೆ ಹೋಗಿರುತ್ತೀರಿ. ಹದಿನೈದು ದಿನದ ಮೇಲೆ ದೇವನಹಳ್ಳಿಯಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ನಿಮ್ಮ ಮಣಿಕಟ್ಟು ನೋಡಿ ಕೇಳುತ್ತಾರೆ: ‘ಇದನ್ನ ಎಲ್ಲಿ ತಗೊಂಡ್ರಿ?’ ‘ನಂದೇ ಸಾರ್, ಇಪ್ಪತ್ತು ವರ್ಷದಿಂದ ಕಟ್ತಿದ್ದೀನಿ’ ಎಂಬ ಉತ್ತರ ಅಪ್ಪಟ ನಿಜವೇ ಇರಬಹುದು. ಆದರೆ ಅಲ್ಲಿ ಬಾಯಿಮಾತು ಸಾಲದು.

ಆರೋಪ ಹೊರಿಸಿದವರೇ ಅದನ್ನು ರುಜುವಾತುಪಡಿಸಬೇಕು ಎಂಬುದು ನಮಗೆಲ್ಲ ಗೊತ್ತಿರುವ ನ್ಯಾಯ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಂ ಇದನ್ನು ತಿರುಗುಮುರುಗು ಮಾಡುತ್ತದೆ. ಕಳ್ಳಸಾಗಣೆಯ ಮಾಲು ಎಂಬ ಸಕಾರಣ ನಂಬಿಕೆಯಿಂದ ವಶಪಡಿಸಿಕೊಂಡಾಗ, ಅದು ಕಳ್ಳಮಾಲಲ್ಲ ಎಂದು ತೋರಿಸುವ ಹೊಣೆ ವಸ್ತುವಿನವರ ಮೇಲೆಯೇ ಬೀಳುತ್ತದೆ. ಆ ಕಲಂ ಹೆಸರಿಸಿರುವ ವಸ್ತುಗಳಲ್ಲಿ ಚಿನ್ನದ ಪಕ್ಕದಲ್ಲೇ ವಾಚು ಇದೆ. ಬೆಲೆಬಾಳುವ ವಾಚಿನ ವಿಷಯದಲ್ಲಿ ಕಾಗದ ಇಟ್ಟುಕೊಳ್ಳಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ.

ಆ ಕಾಗದದ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಹೊರಡುವ ದಿನ ಮಾಮೂಲಿಗಿಂತ ಒಂದು ಗಂಟೆ ಮುಂಚೆಯೇ ವಿಮಾನ ನಿಲ್ದಾಣ ತಲುಪಿ, ನಿರ್ಗಮನ ವಿಭಾಗದ ಕಸ್ಟಮ್ಸ್ ಕೌಂಟರ್ ಎಲ್ಲಿದೆ ಎಂದು ಕೇಳಿಕೊಳ್ಳಿ. ಪಾಸ್‌ಪೋರ್ಟ್, ಟಿಕೆಟ್, ಖರೀದಿ ಬಿಲ್ಲು ಜೊತೆಗಿರಲಿ. ಅಧಿಕಾರಿ ವಾಚನ್ನು ಕಣ್ಣಾರೆ ನೋಡಬೇಕು, ಆದ್ದರಿಂದ ಅದನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ ಕಳಿಸಬೇಡಿ. ಕಂಪನಿ, ಮಾದರಿ, ಬೆಲೆಯ ಜೊತೆ ಸೀರಿಯಲ್ ನಂಬರೂ ದಾಖಲಾಗುವಂತೆ ನೋಡಿಕೊಳ್ಳಿ. ಒಂದೇ ಮಾದರಿಯ ಎರಡು ವಾಚುಗಳನ್ನು ಬೇರ್ಪಡಿಸುವುದು ಆ ಅಂಕಿಯೊಂದೇ. ಹಳೆಯ ರೋಲೆಕ್ಸ್‌ಗಳಲ್ಲಿ ಅದು ಆರು ಗಂಟೆಯ ಕಡೆ, ಪಟ್ಟಿ ಸೇರುವ ಎರಡು ಕೊಂಬುಗಳ ನಡುವೆ ಅಡಗಿರುತ್ತದೆ. ಪಟ್ಟಿ ಬಿಚ್ಚಿದರೆ ಮಾತ್ರ ಕಾಣುತ್ತದೆ. ಆ ಕೆಲಸವನ್ನು ಮನೆಯಲ್ಲೇ ಮುಗಿಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ಲು ಕಳೆದುಹೋಗಿದ್ದರೆ ಮೌಲ್ಯಮಾಪಕರ ಪತ್ರ, ಸರ್ವಿಸ್ ಮಾಡಿಸಿದ ರಸೀದಿ, ವಿಮೆಯ ಪಾಲಿಸಿ ನೆರವಿಗೆ ಬರುತ್ತವೆ.

ಹೊರಗೆ ಕೊಂಡು ತರುವುದಾದರೆ ದಾರಿ ಒಂದೇ: 77ನೇ ಕಲಂ ಪ್ರಕಾರ ಘೋಷಿಸಿ, ರೆಡ್ ಚಾನೆಲ್‌ನಲ್ಲಿ ಬನ್ನಿ. 2016ರ ಬ್ಯಾಗೇಜ್ ನಿಯಮಗಳಲ್ಲಿ 50,000 ರೂಪಾಯಿ ಇದ್ದ ಸುಂಕರಹಿತ ಮಿತಿ 2026ರಲ್ಲಿ 75,000ಕ್ಕೆ ಏರಿದೆ. ಅದಕ್ಕೆ ಮೀರಿದ್ದಕ್ಕೆ ಬಹಳ ವರ್ಷಗಳಿಂದ ಇರುವ ದರ, ಸರ್ಚಾರ್ಜ್ ಸೇರಿ, ಶೇ 38.5, ಹೊರಡುವ ಮುನ್ನ ಇವತ್ತಿನ ದರವನ್ನೊಮ್ಮೆ ನೋಡಿಕೊಳ್ಳಿ. ಡಬ್ಬಿ ಎಸೆದು ಕೈಗೆ ಕಟ್ಟಿಕೊಂಡರೆ ಸುಂಕವಿಲ್ಲ ಎಂದು ದುಬೈನಿಂದ ಮಂಗಳೂರಿಗೆ ಬರುವ ಎಷ್ಟೋ ಜನರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಅದನ್ನು ನಂಬಿ ಕೆಡಬೇಡಿ. ಹೋಗುವ ದೇಶದ ನಿಯಮವೂ ಅಷ್ಟೇ ಮುಖ್ಯ. 2024ರ ಜನವರಿಯಲ್ಲಿ, ಹರಾಜಿಗೆಂದು ತಂದ ವಾಚನ್ನು ಘೋಷಿಸದೆ ಇದ್ದುದಕ್ಕೆ ಹಾಲಿವುಡ್ ನಟ ಅರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಅವರನ್ನೇ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆಹಿಡಿದಿದ್ದರು.

ವಿದೇಶದಲ್ಲೇ ನೆಲೆಸಿ ರಜೆಗೆ ಬರುವವರಿಗೆ 80ನೇ ಕಲಂ ಒಂದು ಅನುಕೂಲ ಕೊಟ್ಟಿದೆ. ನಿಜವಾದ ಘೋಷಣೆ ಮಾಡಿ ಕೋರಿದರೆ, ಸುಂಕ ಕಟ್ಟುವ ಬದಲು ವಾಚನ್ನು ಕಸ್ಟಮ್ಸ್ ಬಳಿ ಬಿಟ್ಟು, ಹಿಂತಿರುಗುವಾಗ ಪಡೆಯಬಹುದು.

ಎಲ್ಲ ಎಚ್ಚರದ ನಡುವೆಯೂ ವಾಚು ವಶವಾದರೆ ಗಾಬರಿಯಲ್ಲಿ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ‘ನನಗೆ ನೋಟಿಸ್ ಬೇಡ, ವಿಚಾರಣೆಯೂ ಬೇಡ’ ಎಂದು ಮೊದಲೇ ಅಚ್ಚು ಹಾಕಿಸಿದ ಫಾರಂಗೆ ಸಹಿ ಪಡೆಯುವುದು ಒಪ್ಪತಕ್ಕದ್ದಲ್ಲ ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಒಂದೇ ಒಂದು ರೋಲೆಕ್ಸನ್ನು ವ್ಯಾಪಾರದ ಪ್ರಮಾಣ ಎನ್ನಲಾಗದು ಎಂಬ ಮಾತೂ ಅದೇ ವರ್ಷ ಅದೇ ನ್ಯಾಯಾಲಯದಿಂದ ಬಂದಿದೆ. ವಸ್ತುವಿನ ವಿವರವಿರುವ ರಸೀದಿ ಕೇಳಿ ಪಡೆಯಿರಿ, ಸೀರಿಯಲ್ ನಂಬರ್ ಅದರಲ್ಲೂ ಇರಲಿ. ಮೈತಪಾಸಣೆಗೆ ಮುಂದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಮಹಿಳೆಯರನ್ನು ಮಹಿಳೆಯರೇ ತಪಾಸಿಸಬೇಕು. ಜಪ್ತಿಯಾದ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು. ಕಾರಣ ಬರೆದು, ನಿಮಗೆ ತಿಳಿಸಿ, ಈ ಅವಧಿಯನ್ನು ಇನ್ನಾರು ತಿಂಗಳು ವಿಸ್ತರಿಸಬಹುದು. ಅದೂ ಮೀರಿದರೆ ವಸ್ತು ಹಿಂದಿರುಗಬೇಕು. ಮುಟ್ಟುಗೋಲಿನ ಆದೇಶವಾದರೂ, ನಿಷೇಧಿತವಲ್ಲದ ವಸ್ತುವಾದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು 125ನೇ ಕಲಂ ಕೊಡುತ್ತದೆ.

ಆದೇಶ ಒಪ್ಪಿಗೆಯಾಗದಿದ್ದರೆ ಕಸ್ಟಮ್ಸ್ ಮೇಲ್ಮನವಿ ಆಯುಕ್ತರ ಬಳಿ ಹೋಗಬಹುದು. ಆದೇಶದ ಪ್ರತಿ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಅಲ್ಲಿಂದ ನಿಮಗಿರುವುದು 60 ದಿನ.