ಬ್ರೇಕ್ ಡಿಸ್ಕ್ ಬದಲಿಸುವ ಮುನ್ನ

ಗುಂಪಿನ ಸಾಲದಲ್ಲಿ ಟ್ಯಾಕ್ಸಿ ಕೊಂಡ ಮನೆಗಳಿಗೆ ಈ ಖರ್ಚು ಒಂದು ದಿನ ಬಂದೇ ಬರುತ್ತದೆ. ಮೆಕ್ಯಾನಿಕ್ ಹೇಳಿದ ಕೂಡಲೇ ಹಣ ತೆಗೆಯಬೇಡಿ. ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟು ಮಿಲಿಮೀಟರ್ ಎಂದು ಕೊರೆದಿರುತ್ತದೆ. ಅಳೆದು ತೋರಿಸಲು ಹೇಳಿ. ಅದಕ್ಕಿಂತ ಸವೆದಿದ್ದರೆ ಲೇತಿಗೆ ಕೊಟ್ಟು ಉಜ್ಜಿಸುವ ಮಾತೇ ಬೇಡ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದೆ ಹೋದೀತು.

ಉಳಿತಾಯ ಎಲ್ಲಿ? ತೂತು ಕೊರೆದ ಡಿಸ್ಕ್ ನೋಡಲು ಚಂದ, ನಮ್ಮ ಓಡಾಟಕ್ಕೆ ಸಾದಾ ಡಿಸ್ಕೇ ಧಾರಾಳ ಸಾಕು. ಕಾರು ಕಂಪನಿಯ ಮಾಲಿನ ಬೆಲೆ, ಬೇರೆ ಹೆಸರುವಾಸಿ ತಯಾರಕರ ಬೆಲೆ ಎರಡನ್ನೂ ವಿಚಾರಿಸೋಣ. ಗುಜರಿಯದ್ದು ಅಗ್ಗ ಅಂತ ತರಬೇಡಿ. ಮುಂದಿನ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ, ಪ್ಯಾಡೂ ಹೊಸದಿರಲಿ. ಬಿಲ್ ಮರೆಯಬೇಡಿ, ಹಳೇ ಡಿಸ್ಕನ್ನೂ ಕೇಳಿ ತನ್ನಿ.